ಕೊಕ್ಕರೆಗಳ ಲೆಕ್ಕ

ನಮ್ಮ ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ಕಾಗದದ ಕೊಕ್ಕರೆ ಮಾಡಲು ಹೊರಡುವುದು ಅಷ್ಟೇನೂ ಬುದ್ಧಿವಂತಿಕೆಯ ಕೆಲಸವಲ್ಲ. ಗಾಳಿಯಲ್ಲಿರುವ ತೇವಕ್ಕೇ ಕಾಗದ ಮೆತ್ತಗಾಗಿ, ಬೆಳಿಗ್ಗೆ ನೆಟ್ಟಗೆ ನಿಂತಿದ್ದ ರೆಕ್ಕೆಗಳು ಸಂಜೆಯ ಹೊತ್ತಿಗೆ ಜೋತುಬೀಳುತ್ತವೆ. ಆದರೆ ಹಿರೋಶಿಮಾ ದಿನವಾದ ಆಗಸ್ಟ್ 6 ಪ್ರತಿವರ್ಷ ಬರುವುದು ಆಟಿಯಲ್ಲಿಯೇ; ಉಡುಪಿಯ ಬನ್ನಂಜೆಯಲ್ಲಿರುವ ನಮ್ಮ ಮನೆಯ ಚಾವಡಿಯಲ್ಲಿ ಭಾನುವಾರಗಳಂದು ಓದಲು ಸೇರುವ ಏಳೆಂಟು ಮಕ್ಕಳು ಸಡಾಕೋ ಸಸಾಕಿಯ ಕಥೆಯನ್ನು ಕೇಳಿದ ಮೇಲೆ ಕೊಕ್ಕರೆ ಮಡಚದೆ ಮನೆಗೆ ಹೋಗಲು ಒಪ್ಪುವುದಿಲ್ಲ. ಹಾಗಾಗಿ ಹಳೆಯ ಉದಯವಾಣಿಯ ಹಾಳೆಗಳನ್ನು ಚೌಕಾಕಾರಕ್ಕೆ ಕತ್ತರಿಸಿಡುವುದು ನನ್ನ ವಾರ್ಷಿಕ ವ್ರತಗಳಲ್ಲಿ ಒಂದಾಗಿಬಿಟ್ಟಿದೆ.

1945ರಲ್ಲಿ ಬಾಂಬು ಬಿದ್ದಾಗ ಸಡಾಕೋಗೆ ಎರಡು ವರ್ಷ. ಮೈಮೇಲೆ ಒಂದು ಗೀರೂ ಇಲ್ಲದೆ ಉಳಿದುಕೊಂಡ ಆ ಹುಡುಗಿ ಶಾಲೆಯ ರಿಲೇ ಓಟದಲ್ಲಿ ಹೆಸರು ಮಾಡಿದಳು. 1955ರ ಫೆಬ್ರವರಿಯಲ್ಲಿ ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದಳು. ಸಾವಿರ ಕೊಕ್ಕರೆ ಮಡಚಿದರೆ ಬಯಸಿದ್ದು ಈಡೇರುತ್ತದೆಂಬ ನಂಬಿಕೆಯಲ್ಲಿ ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಮಡಚುತ್ತಾ, ಅದೇ ವರ್ಷ ಅಕ್ಟೋಬರ್ 25ರಂದು ತೀರಿಕೊಂಡಳು. ಎಲೀನರ್ ಕೋರ್ 1977ರಲ್ಲಿ ಇಂಗ್ಲಿಷಿನಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕದಿಂದ ಈ ಕಥೆ ಲೋಕವನ್ನೆಲ್ಲ ಸುತ್ತಿತು. ಆ ಪುಸ್ತಕದಲ್ಲಿ ಸಡಾಕೋ 644 ಕೊಕ್ಕರೆಗಳನ್ನು ಮುಗಿಸುವಷ್ಟರಲ್ಲಿ ಸಾಯುತ್ತಾಳೆ, ಉಳಿದ 356ನ್ನು ಸಹಪಾಠಿಗಳು ಮಡಚಿ ಸಾವಿರ ಪೂರೈಸುತ್ತಾರೆ. ಆದರೆ ಹಿರೋಶಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯವೂ ಅವಳ ಅಣ್ಣನೂ ಹೇಳುವ ಲೆಕ್ಕ ಬೇರೆ. ಅವಳು ಬದುಕಿದ್ದಾಗಲೇ ಸಾವಿರವನ್ನು ಮುಟ್ಟಿದಳು, ಅದನ್ನು ದಾಟಿಯೂ ಮಡಚುತ್ತಲೇ ಇದ್ದಳು.

ಈ ಎರಡು ಲೆಕ್ಕಗಳ ವಿಷಯ ನನಗೆ ಗೊತ್ತಾಗಿ ಬಹಳ ಕಾಲವಾಯಿತು. ಆದರೂ ನಾನು ಮಕ್ಕಳಿಗೆ ಹೇಳುತ್ತಿದ್ದುದು 644ರ ಕಥೆಯನ್ನೇ. ಅದರಲ್ಲಿ ಕೇಳುವ ಮಗುವಿಗೆ ಮಾಡಲು ಏನೋ ಒಂದು ಕೆಲಸ ಉಳಿದಿರುತ್ತದೆ. ಗೆಳೆಯರು ಬಾಕಿಯನ್ನು ತೀರಿಸಿದರೆಂದಾಗ ದುಃಖಕ್ಕೆ ಒಂದು ಅಂಚು ಸಿಗುತ್ತದೆ, ಚಾವಡಿಯಲ್ಲಿ ಕುಳಿತವರೂ ಆ ಬಾಕಿಯ ಪಾಲುದಾರರಾಗಿ ಕತ್ತರಿ ಹಿಡಿಯುತ್ತಾರೆ. ಇನ್ನೊಂದು ಲೆಕ್ಕದಲ್ಲಿ ಹಾಗಲ್ಲ. ಷರತ್ತನ್ನು ಪೂರ್ತಿಯಾಗಿ ಪಾಲಿಸಿದ ಮೇಲೂ ಹುಡುಗಿ ಸಾಯುತ್ತಾಳೆ, ಹರಕೆ ಸಂದರೂ ವರ ಸಿಗುವುದಿಲ್ಲ. ಯುದ್ಧ ಮಕ್ಕಳಿಗೆ ಮಾಡುವ ಅನ್ಯಾಯ ಇದೇ ಆಗಿರುವಾಗ, ಅದನ್ನು ತುಸು ಹಿತವಾಗಿಸಿದ ಕೈ ದುಷ್ಟ ಕೈಯೇನಲ್ಲ, ಅದು ಪ್ರೀತಿಯ ಕೈಯೇ. ಆದರೆ ದೊಡ್ಡವರು ಮಕ್ಕಳಿಗಾಗಿ ಯುದ್ಧದ ಪುಸ್ತಕಗಳನ್ನು ಬರೆಯುವಾಗ, ಆರಿಸುವಾಗ, ಓದಿ ಹೇಳುವಾಗ ಈ ಪ್ರೀತಿಯ ಕೈ ಎಲ್ಲೆಲ್ಲಿ ಆಡಿದೆ ಎಂಬುದನ್ನು ಹುಡುಕುವುದು ಈಚಿನ ವರ್ಷಗಳಲ್ಲಿ ನನ್ನ ಓದಿನ ಅಭ್ಯಾಸವೇ ಆಗಿದೆ.

ಆ್ಯನ್ ಫ್ರಾಂಕಳ ದಿನಚರಿಯನ್ನೇ ತೆಗೆದುಕೊಳ್ಳಿ. ನಾಜಿಗಳ ಕೈಗೆ ಸಿಗದಂತೆ ಆಮ್‌ಸ್ಟರ್‌ಡ್ಯಾಮಿನ ಕಚೇರಿಯೊಂದರ ಹಿಂಭಾಗದಲ್ಲಿ ಎಂಟು ಮಂದಿ ಯಹೂದಿಗಳು ಸುಮಾರು ಎರಡು ವರ್ಷ ಅಡಗಿದ್ದರು, 1944ರ ಆಗಸ್ಟ್ 4ರಂದು ಸಿಕ್ಕಿಬಿದ್ದರು, ಅವರಲ್ಲಿ ತಂದೆ ಓಟೋ ಫ್ರಾಂಕ್ ಒಬ್ಬರೇ ಬದುಕಿ ಮರಳಿದರು. 1947ರಲ್ಲಿ ದಿನಚರಿಯನ್ನು ಅಚ್ಚಿಗೆ ಕೊಡುವಾಗ ಅವರು ಮಗಳು ತಾಯಿಯ ಬಗ್ಗೆ ಬರೆದ ಕಟುವಾದ ಮಾತುಗಳಲ್ಲಿ ಕೆಲವನ್ನೂ ತನ್ನ ದೇಹದ ಬೆಳವಣಿಗೆಯ ಬಗ್ಗೆ ಬರೆದುದರಲ್ಲಿ ಕೆಲವನ್ನೂ ಬಿಟ್ಟರು. ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡ ಮನುಷ್ಯನನ್ನು ಇದಕ್ಕಾಗಿ ದೂರಲು ನನ್ನಿಂದಾಗದು. ಸ್ವಾರಸ್ಯವೆಂದರೆ, ಆ್ಯನ್ ಸ್ವತಃ ತಿದ್ದುವವಳಾಗಿದ್ದಳು. 1944ರ ಮಾರ್ಚಿನಲ್ಲಿ ಲಂಡನ್ನಿನಿಂದ ಪ್ರಸಾರವಾಗುತ್ತಿದ್ದ ಡಚ್ ರೇಡಿಯೋದಲ್ಲಿ ಮಂತ್ರಿಯೊಬ್ಬರು ಜನರು ತಮ್ಮ ದಿನಚರಿ, ಪತ್ರಗಳನ್ನು ಕಾಪಾಡಿಕೊಳ್ಳಬೇಕೆಂದು ಕೇಳಿಕೊಂಡ ಬಳಿಕ ಅವಳು ತನ್ನ ಬರಹವನ್ನು ಪುಸ್ತಕವಾಗಿಸುವ ಉದ್ದೇಶದಿಂದಲೇ ಮತ್ತೆ ಬರೆಯತೊಡಗಿದಳು. ತಿದ್ದಿದ ಮೇಲೂ ಅದರಲ್ಲಿ ಕೊಳೆತ ಆಲೂಗಡ್ಡೆಗಳಿವೆ, ಕೆಳಗೆ ಕೆಲಸಗಾರರು ಇರುವ ಹೊತ್ತಿನಲ್ಲಿ ಶೌಚಾಲಯಕ್ಕೆ ನೀರು ಬಿಡಲಾಗದ ಪೇಚಾಟವಿದೆ, ಹಿಂದೆ ಬಿಟ್ಟು ಬಂದ ಬೆಕ್ಕು ಮೂರ್ಟ್ಯೆಯ ನೆನಪಿದೆ. ನಮ್ಮ ಚಾವಡಿಯ ಮಕ್ಕಳು ಹಿಟ್ಲರನ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಬೆಕ್ಕಿನ ಬಗ್ಗೆ ಐದು ಕೇಳುತ್ತಾರೆ. ಮೊದಮೊದಲು ನನಗೆ ಇದರಿಂದ ಸ್ವಲ್ಪ ಬೇಸರವಾಗುತ್ತಿತ್ತು ಎಂದು ಒಪ್ಪಿಕೊಳ್ಳಬೇಕು.

ಬೋಸ್ನಿಯಾದ ಸರಾಯೆವೊ ನಗರಕ್ಕೆ ಮುತ್ತಿಗೆ ಬಿದ್ದ ಕಾಲದಲ್ಲಿ ದಿನಚರಿ ಬರೆದ ಝ್ಲಾಟಾ ಫಿಲಿಪೋವಿಚ್ ಎಂಬ ಹನ್ನೊಂದು ವರ್ಷದ ಹುಡುಗಿ, ಸಂಧಾನದ ಮೇಲೆ ಸಂಧಾನ ನಡೆಸುತ್ತಾ ಯುದ್ಧವನ್ನು ಮಾತ್ರ ನಿಲ್ಲಿಸದ ರಾಜಕಾರಣಿಗಳನ್ನು ‘ಮಕ್ಕಳು’ ಎಂದೇ ಕರೆಯುತ್ತಾಳೆ. ಈ ಒಂದು ಪದವನ್ನು ನಮ್ಮ ಮಕ್ಕಳು ಎಷ್ಟು ಮೆಚ್ಚಿಕೊಂಡರೆಂದರೆ, ಮನೆಯಲ್ಲಿ ದೊಡ್ಡವರು ಜಗಳವಾಡಿದಾಗಲೂ ಅದನ್ನು ಬಳಸತೊಡಗಿದ್ದಾರೆಂಬ ದೂರು ನನ್ನ ಕಿವಿಗೆ ಬಿದ್ದಿದೆ.

ಸಣ್ಣ ಸಂಗತಿಗಳ ಬೆಲೆ ನನಗೆ ತಿಳಿಯಬೇಕಾಗಿದ್ದುದು 1990ರಲ್ಲಿಯೇ. ಆಗ ನಾನು ಮಂಗಳೂರಿನ ಒಂದು ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದೆ. ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದ ಸುದ್ದಿ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಪರದೇಶದ ಸುದ್ದಿಯಾಗಿರಲಿಲ್ಲ. ಪ್ರತಿ ಬೀದಿಯಲ್ಲಿ ‘ಗಲ್ಫಿನವರ ಮನೆ’ ಎಂದು ಕರೆಯಿಸಿಕೊಳ್ಳುವ ಒಂದೆರಡು ಮನೆಗಳಿದ್ದವು, ಅವುಗಳ ಅಂಗಳದಲ್ಲಿ ಜನ ರೇಡಿಯೋದ ಸುತ್ತ ನಿಂತಿರುತ್ತಿದ್ದರು. ಬಸ್ಸುಗಳಲ್ಲಿ ಬಾಗ್ದಾದಿನ ಮೂಲಕ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಮುಂಬಯಿಗೆ ಬಂದಿಳಿದವರು ಒಂದು ಲಕ್ಷಕ್ಕೂ ಹೆಚ್ಚು ಮಂದಿ. ಹಾಗೆ ಬಂದವರಲ್ಲಿ ಒಬ್ಬ ಹುಡುಗ ವರ್ಷದ ನಡುವೆ ನಮ್ಮ ತರಗತಿಗೆ ಸೇರಿದ. ಬೆಳಗಿನ ಪ್ರಾರ್ಥನೆಯ ಬಳಿಕ ಅವನನ್ನು ವೇದಿಕೆಯ ಮೇಲೆ ನಿಲ್ಲಿಸಿ, ಯುದ್ಧದ ಅನುಭವವನ್ನು ಹೇಳು ಎಂದರು. ಅವನು ಸೈನಿಕರನ್ನಾಗಲಿ ಟ್ಯಾಂಕನ್ನಾಗಲಿ ಹೆಸರಿಸಲಿಲ್ಲ. ಜೋರ್ಡಾನಿನ ಮರುಭೂಮಿಯ ಡೇರೆಯಲ್ಲಿ ನೀರನ್ನು ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಡುತ್ತಿದ್ದರೆಂದೂ, ತನ್ನ ತಂಗಿ ಹತ್ತು ಮುಚ್ಚಳ ಕುಡಿದು ಒಂಬತ್ತು ಎಂದು ಸುಳ್ಳು ಹೇಳಿದಳೆಂದೂ, ಆ ಒಂದು ಮುಚ್ಚಳ ನೀರನ್ನು ಅವಳು ಇನ್ನೂ ತನಗೆ ಕೊಡಬೇಕಾಗಿದೆಯೆಂದೂ ಬಹಳ ಗಂಭೀರವಾಗಿ ವಿವರಿಸಿದ. ನಾವು ಮಕ್ಕಳೆಲ್ಲ ನಕ್ಕೆವು. ಅಧ್ಯಾಪಕರ ಮುಖದಲ್ಲಿ ನಿರಾಸೆ ಕಂಡಿತು. ಯುದ್ಧದ ಬಗ್ಗೆ ಅಂದಿನವರೆಗೆ ನಾನು ಕೇಳಿದ್ದರಲ್ಲಿ ಅತ್ಯಂತ ನಿಖರವಾದ ವರದಿ ಅದಾಗಿತ್ತೆಂಬುದು ನನಗೆ ಹೊಳೆದದ್ದು ಮೂವತ್ತು ವರ್ಷಗಳ ಬಳಿಕ.

ಆ ಹುಡುಗನ ಕಥೆಯನ್ನು ಕನ್ನಡದಲ್ಲಿ ಮಕ್ಕಳಿಗಾಗಿ ಬರೆದ ಕಾದಂಬರಿ ನನ್ನ ಕೈಗೆ ಈವರೆಗೂ ಬಂದಿಲ್ಲ. ಸಂಕಟದ ಮಕ್ಕಳೆಂದರೆ ನಮ್ಮ ಕಪಾಟಿನಲ್ಲಿ ಡಚ್ಚರು, ಜಪಾನಿಯರು, ಬೋಸ್ನಿಯಾದವರು. ಅವರು ಇರಲಿ, ಬೇಕೇ ಬೇಕು. ಆದರೆ ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಕಯ್ಯೂರಿನ ರೈತ ಹೋರಾಟದ ಪ್ರಕರಣದಲ್ಲಿ ಐವರಿಗೆ ಮರಣದಂಡನೆಯಾಗಿ, 1943ರ ಮಾರ್ಚ್ 29ರಂದು ನಾಲ್ವರನ್ನು ಮಾತ್ರ ಗಲ್ಲಿಗೇರಿಸಲಾಯಿತು, ಐದನೆಯವನು ಉಳಿದದ್ದು ಅವನಿಗಿನ್ನೂ ಪ್ರಾಯ ತುಂಬಿರಲಿಲ್ಲವೆಂಬ ಕಾರಣಕ್ಕೆ ಎಂದು ಹೇಳಿದಾಗ, ನಮ್ಮ ಮಕ್ಕಳು ಅದು ಯಾವ ದೇಶದಲ್ಲಿ ನಡೆದದ್ದೆಂದು ಕೇಳುತ್ತಾರೆ. ನಿರಂಜನರ ‘ಚಿರಸ್ಮರಣೆ’ ಹುಟ್ಟಿದ್ದು ಆ ಘಟನೆಯಿಂದ, ಅದರ ಅಪ್ಪು ಮತ್ತು ಚಿರುಕಂಡ ನಮಗೆ ಮೊದಲು ಪರಿಚಯವಾಗುವುದು ಶಾಲೆಗೆ ಹೋಗುವ ಹುಡುಗರಾಗಿಯೇ. ಆದರೂ ಆ ಪುಸ್ತಕವನ್ನು ಹದಿಮೂರರ ಪ್ರಾಯದವರ ಕೈಗೆ ಕೊಡುವ ಯೋಚನೆ ನಮಗೆ ಬರುವುದಿಲ್ಲ.

ಇನ್ನು ಯುದ್ಧವೇ ಇಲ್ಲದೆ ನಡೆದುಕೊಂಡು ಬಂದ ದಬ್ಬಾಳಿಕೆಯ ಮಾತು. ಕಳೆದ ವರ್ಷ ಆ್ಯನ್ ಫ್ರಾಂಕಳ ಪುಸ್ತಕ ಮುಗಿದ ದಿನ ಒಬ್ಬಳು, ನಮ್ಮ ಊರಲ್ಲಿಯೂ ಯಾರನ್ನಾದರೂ ಹೀಗೆ ಪಾರ್ಕಿಗೆ, ಅಂಗಡಿಗೆ ಬರಬಾರದೆಂದು ಹೇಳಿದ್ದರೇ ಎಂದು ಕೇಳಿದ್ದಳು. 1897ರಲ್ಲಿ ಕುದ್ಮಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ದುಡಿಯುವ ಸಂಸ್ಥೆಯೊಂದನ್ನು ಏಕೆ ಕಟ್ಟಬೇಕಾಯಿತೆಂದು ಒಂದೆರಡು ಮಾತು ಹೇಳಿ, ಉಳಿದುದನ್ನು ಕಾರಂತರಿಗೆ ಬಿಡೋಣವೆಂದುಕೊಂಡೆ. 1933ರ ‘ಚೋಮನ ದುಡಿ’ ಮಕ್ಕಳ ಪುಸ್ತಕವಲ್ಲ, ನಿಜ. ಆದರೆ ಅದರಲ್ಲಿ ಮಕ್ಕಳು ತುಂಬಿದ್ದಾರೆ: ಅಪ್ಪನ ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುವ ಮಕ್ಕಳು, ಹೊಳೆಯಲ್ಲಿ ಮುಳುಗುವ ಸಣ್ಣವನಾದ ನೀಲ. ವಾಟ್ಸಾಪ್ ಗುಂಪಿನಲ್ಲಿ ಮುಂದಿನ ಪುಸ್ತಕ ಇದೆಂದು ಹಾಕಿದ ಸಂಜೆಯೇ ಒಬ್ಬ ತಂದೆಯ ಕರೆ ಬಂತು. ಅವರು ಒರಟರಲ್ಲ, ಮಗಳಿಗಾಗಿ ಆ್ಯನ್ ಫ್ರಾಂಕಳ ಪುಸ್ತಕವನ್ನು ಮಣಿಪಾಲದಿಂದ ತಾವೇ ತಂದುಕೊಟ್ಟವರು. ‘ಅದಾದರೆ ಚರಿತ್ರೆ, ಇದೆಲ್ಲ ಈಗ ಯಾಕೆ ಮೇಡಂ, ಮಕ್ಕಳ ಮನಸ್ಸಿಗೆ ಜಾತಿ ಗೀತಿ ಹಾಕುವುದು’ ಎಂದರು. ಅದನ್ನು ಇಲ್ಲಿಯವರೇ ಇಲ್ಲಿಯ ಭಾಷೆಯಲ್ಲಿ ಮಾಡಿದ್ದು ಎಂಬುದೊಂದೇ ಎರಡಕ್ಕೂ ಇರುವ ವ್ಯತ್ಯಾಸವೆಂದು ಆಗಲೇ ಹೇಳಬಹುದಾಗಿತ್ತು. ಹೇಳಲಿಲ್ಲ. ‘ನೋಡಿಕೊಂಡು ಓದುತ್ತೇನೆ’ ಎಂದೆ.

ನೋಡಿಕೊಂಡೇ ಓದಿದೆ. ಆ ಭಾನುವಾರ ಮಳೆ ಹೊಯ್ಯುತ್ತಿತ್ತು, ಮಾಡಿನ ಹಂಚಿನ ಸದ್ದಿಗೆ ದನಿ ಏರಿಸಿ ಓದಬೇಕಾಗಿತ್ತು. ನೀಲ ಮುಳುಗುವ ಭಾಗ ಬಂದಾಗ, ದಡದಲ್ಲಿ ನಿಂತ ಜನರು ಅವನನ್ನು ಮುಟ್ಟಿದರೆ ಮೈಲಿಗೆಯಾಗುತ್ತದೆಂದು ಯಾರನ್ನೂ ನೀರಿಗಿಳಿಯಗೊಡದ ಸಾಲುಗಳ ಮೇಲಿಂದ ನನ್ನ ಕಣ್ಣು ಹಾರಿತು. ಹುಡುಗ ಮುಳುಗಿದ, ಸತ್ತ ಎಂದು ಓದಿ ಪುಟ ತಿರುವಿದೆ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಮಲ್ಪೆಯ ಕಡೆಯಿಂದ ಬರುವ ಹುಡುಗನೊಬ್ಬ ನಮ್ಮಲ್ಲಿದ್ದಾನೆ, ಮನೆಯವರೆಲ್ಲ ಮೀನುಗಾರಿಕೆಯವರು, ನೀರಿನ ವಿಷಯದಲ್ಲಿ ಅವನಿಗೆ ಸುಳ್ಳು ಹೇಳಲಾಗದು. ಅವನು ಕೈಯೆತ್ತಿ, ‘ದಡದಲ್ಲಿ ಅಷ್ಟು ಜನ ಇದ್ದರಲ್ಲ, ಈಜು ಬರುವವರು ಒಬ್ಬರೂ ಇರಲಿಲ್ಲವಾ?’ ಎಂದು ಕೇಳಿದ.

ನಾನು ಪುಟವನ್ನು ಹಿಂದಕ್ಕೆ ತಿರುವಿ, ಬಿಟ್ಟಿದ್ದುದನ್ನು ಮೊದಲಿನಿಂದ ಓದಿದೆ. ಫೋನು ಮಾಡಿದ್ದ ತಂದೆಯ ಮಗಳು ಮೊಣಕಾಲ ಮೇಲೆ ಗಲ್ಲವೂರಿ ಕೇಳುತ್ತಿದ್ದಳು. ಮುಗಿದ ಮೇಲೆ ಮಲ್ಪೆಯ ಹುಡುಗ ಎದ್ದು ಬಂದು, ನಾನು ಹಾರಿಸಿದ ಸಾಲುಗಳು ಯಾವುವೆಂದು ಬೆರಳಿಟ್ಟು ತೋರಿಸಲು ಹೇಳಿದ. ತೋರಿಸಿದೆ. ಬೇರೆ ಪುಸ್ತಕಗಳಲ್ಲಿಯೂ ಹೀಗೆ ಏನಾದರೂ ಬಿಟ್ಟಿದ್ದೀರಾ ಎಂದು ಕೇಳಿದ. ಆಗ ಕೊಕ್ಕರೆಗಳ ಇನ್ನೊಂದು ಲೆಕ್ಕವನ್ನು ಅವರಿಗೆ ಹೇಳಬೇಕಾಯಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಅವನೇ, ಸಾವಿರ ಆದ ಮೇಲೂ ಅವಳು ಯಾಕೆ ಮಡಚಿದಳು ಎಂದ. ಅಷ್ಟರಲ್ಲಿ ಅವನನ್ನು ಕರೆದೊಯ್ಯಲು ಬಂದ ಅಜ್ಜ ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದರು.