ಚೆಲ್ಲಿದ್ದು ಲೆಕ್ಕಕ್ಕೆ ಬರುತ್ತಾ ಮೇಡಂ?

ಅವರು ಡಬ್ಬಿಯನ್ನು ಹೆಗಲ ಮೇಲಿನ ಟವೆಲ್‌ನಲ್ಲಿ ಸುತ್ತಿಕೊಂಡು ಬಂದು, ಕೌಂಟರ್ ಮೇಲಿಟ್ಟು, ನನ್ನ ಮುಖ ನೋಡದೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ನಾನೂ ಅವರ ಮುಖ ನೋಡಲಿಲ್ಲ. ಹೆಸರು, ವಯಸ್ಸು, ಸ್ಯಾಂಪಲ್ ಕೊಟ್ಟ ಸಮಯ ಬರೆದುಕೊಂಡು "ನಾಳೆ ಬನ್ನಿ" ಅಂದೆ. ಹಿಂದೆ ಶುಗರ್ ಟೆಸ್ಟಿಗೆ ಬಂದ ಆರೇಳು ಜನ ಸಾಲಿನಲ್ಲಿದ್ದರು. ನಮ್ಮಿಬ್ಬರ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು.

ನಾನು ಕ್ಲಿನಿಕಲ್ ಬಯೋಕೆಮಿಸ್ಟ್. ಈಗ ಬೇರೆ ಊರಿನ ಲ್ಯಾಬಿನಲ್ಲಿದ್ದೇನೆ, ಆಗ ಮಧ್ಯ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿದ್ದೆ. ಅಲ್ಲಿ ವೀರ್ಯ ಪರೀಕ್ಷೆಗೆ ಬಂದವರಿಗೆ ಬೇರೆ ಕೋಣೆ ಇರಲಿಲ್ಲ. ಹೊರರೋಗಿಗಳು ಬಳಸುವ ಟಾಯ್ಲೆಟ್ಟನ್ನೇ ತೋರಿಸುತ್ತಿದ್ದೆವು. ಒಳಗೆ ಒಬ್ಬ ಮನುಷ್ಯ ಇಂಥ ಕೆಲಸಕ್ಕೆ ಹೋಗಿದ್ದಾನೆ ಅಂತ ಹೊರಗೆ ನಿಂತವರಿಗೆ ಗೊತ್ತಿರುವುದಿಲ್ಲವಲ್ಲ, ಅವರು ಬಾಗಿಲು ಬಡಿಯುತ್ತಿದ್ದರು.

ಆ ದಿನದ ಸ್ಯಾಂಪಲ್ 1.2 ಮಿಲಿಲೀಟರ್ ಇತ್ತು. 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿಟ್ಟೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಗಂಜಿಯಂಥ ಗಟ್ಟಿತನ ಹೋಗಿ ತೆಳ್ಳಗಾಗಬೇಕು. ಮುಕ್ಕಾಲು ಗಂಟೆಯಾದರೂ ಪಿಪೆಟ್ಟಿನ ತುದಿಯಿಂದ ಅಂಟಿನ ಎಳೆಯ ಹಾಗೆ ಇಳಿಯುತ್ತಿತ್ತು. ಹುಳಿಯೋ ಕ್ಷಾರವೋ ಎಂದು ತೋರಿಸುವ ಪಿಎಚ್ 8.2. ವೀರ್ಯಾಣು ಮಿಲಿಲೀಟರಿಗೆ 40 ಲಕ್ಷ, ಅದರಲ್ಲಿ ಮುಂದಕ್ಕೆ ಈಜುತ್ತಿದ್ದದ್ದು ಬಹಳ ಕಡಿಮೆ. ಫ್ರಕ್ಟೋಸ್ ಎಂಬ ಸಕ್ಕರೆ ಮಾತ್ರ ಧಾರಾಳವಾಗಿತ್ತು. ಆ ಸಕ್ಕರೆಯನ್ನು ಪತ್ತೆ ಮಾಡುವ ರಿಸಾರ್ಸಿನಾಲ್ ಹಾಕಿ ಬಿಸಿನೀರಿನಲ್ಲಿಟ್ಟ ಟ್ಯೂಬು ಕೆಂಪು ದಾಸವಾಳದ ಬಣ್ಣಕ್ಕೆ ತಿರುಗಿದ್ದು ಈಗಲೂ ಕಣ್ಣ ಮುಂದಿದೆ. ಎಲ್ಲವನ್ನೂ ಒಂದರ ಕೆಳಗೊಂದು ಬರೆದು, ಕೊನೆಯಲ್ಲಿ "ವೀರ್ಯಾಣು ಸಂಖ್ಯೆ ತೀವ್ರ ಕಡಿಮೆ" ಅಂತ ಸೇರಿಸಿ ಸಹಿ ಹಾಕಿದೆ.

ಮೂರು ವಾರ ಬಿಟ್ಟು ಗಂಡ ಹೆಂಡತಿ ಇಬ್ಬರೂ ಬಂದರು. ರಾಣೆಬೆನ್ನೂರು ಕಡೆಯವರು, ಹೈಬ್ರಿಡ್ ಬೀಜದ ತಾಕಿನಲ್ಲಿ ಕೆಲಸ. ನನ್ನ ರಿಪೋರ್ಟ್ ನೋಡಿದವರೊಬ್ಬರು ಸಹಜವಾಗಿ ಮಗು ಆಗುವುದು ಕಷ್ಟ, ಪ್ರನಾಳ ಶಿಶುವಿನ ದಾರಿಯೇ ನೋಡಿ ಅಂದಿದ್ದರಂತೆ. ದುಡ್ಡು ಹೊಂದಿಸಲು ಎಮ್ಮೆ ಮಾರುವ ಮಾತು ಮನೆಯಲ್ಲಿ ನಡೆದಿತ್ತು. ಆತ ಮಾತೇ ಆಡಲಿಲ್ಲ. ಆಕೆಯೇ ದನಿ ತಗ್ಗಿಸಿ ಕೇಳಿದಳು: "ಅವತ್ತು ಯಾರೋ ಬಾಗ್ಲು ಬಡದ್ರಂತೆ, ಮೊದ್ಲು ಬಂದಿದ್ದು ಕೆಳಗೆ ಚೆಲ್ಲಿತಂತೆ. ಆಮೇಲಿಂದು ಅಷ್ಟೇ ಡಬ್ಬಿಗೆ ಹಿಡಿದಿದ್ದಂತೆ. ಚೆಲ್ಲಿದ್ದು ಲೆಕ್ಕಕ್ಕೆ ಬರುತ್ತಾ ಮೇಡಂ?"

ನನಗೆ ಕಾಲ ಕೆಳಗಿನ ನೆಲ ಜರುಗಿದಂತಾಯಿತು. ಯಾಕೆಂದರೆ ಚೆಲ್ಲಿದ್ದೇ ಲೆಕ್ಕಕ್ಕೆ ಬರುವಂಥದ್ದು.

ವೀರ್ಯ ಒಂದೇ ಕಡೆಯಿಂದ, ಒಂದೇ ಹದದಲ್ಲಿ ಬರುವ ದ್ರವವಲ್ಲ. ಅದಕ್ಕೊಂದು ಸರದಿ ಇದೆ. ಮೊದಲು ಬರುವ ಪಾಲಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ರಸ ಮತ್ತು ವೀರ್ಯಾಣುಗಳ ದೊಡ್ಡ ಭಾಗ ಇರುತ್ತದೆ. ಪ್ರಾಸ್ಟೇಟಿನ ರಸ ತುಸು ಆಮ್ಲೀಯ. ಸತು, ಸಿಟ್ರಿಕ್ ಆಮ್ಲ, ಆಸಿಡ್ ಫಾಸ್ಫಟೇಸ್ ಎಲ್ಲ ಅದರಲ್ಲೇ ಬರುತ್ತವೆ. ಪಿಎಸ್‌ಎ ಎಂಬ ಕಿಣ್ವವೂ ಅಲ್ಲಿಯದೇ. ವಯಸ್ಸಾದ ಗಂಡಸರ ರಕ್ತದಲ್ಲಿ ಪ್ರಾಸ್ಟೇಟ್ ಕಾಯಿಲೆಗಾಗಿ ಅಳೆಯುತ್ತೇವಲ್ಲ, ಅದೇ ಪಿಎಸ್‌ಎ. ಅದರ ನಿಜವಾದ ಕಸುಬು ಗಟ್ಟಿಯಾದ ವೀರ್ಯವನ್ನು ಕರಗಿಸುವುದು. ಆಮೇಲೆ ಬರುವುದು ವೀರ್ಯಕೋಶಗಳೆಂಬ ಜೋಡಿ ಗ್ರಂಥಿಗಳ ರಸ. ಒಟ್ಟು ಪ್ರಮಾಣದಲ್ಲಿ ಸುಮಾರು ಮೂರನೇ ಎರಡು ಪಾಲು ಇದೇ. ಇದು ಕ್ಷಾರೀಯ, ವೀರ್ಯಾಣುವಿಗೆ ಬುತ್ತಿಯಾದ ಫ್ರಕ್ಟೋಸ್ ಇದರಲ್ಲಿರುತ್ತದೆ, ವೀರ್ಯವನ್ನು ಹೆಪ್ಪುಗಟ್ಟಿಸುವ ಸೆಮಿನೋಜೆಲಿನ್ ಪ್ರೋಟೀನೂ ಇದರದ್ದೇ.

ಈಗ ನನ್ನ ರಿಪೋರ್ಟನ್ನು ಇನ್ನೊಮ್ಮೆ ನೋಡಿ. ಪ್ರಮಾಣ ಕಡಿಮೆ. ಪಿಎಚ್ ಮೇಲಕ್ಕೆ ಹೋಗಿದೆ, ಅಂದರೆ ಪ್ರಾಸ್ಟೇಟಿನ ಹುಳಿ ಸೇರಿಲ್ಲ. ಹೆಪ್ಪು ಕರಗಿಲ್ಲ, ಅಂದರೆ ಕರಗಿಸುವ ಪಿಎಸ್‌ಎ ಬಂದಿಲ್ಲ. ಫ್ರಕ್ಟೋಸ್ ಹೆಚ್ಚು, ಅಂದರೆ ಡಬ್ಬಿಯಲ್ಲಿದ್ದದ್ದು ಬಹುಪಾಲು ವೀರ್ಯಕೋಶದ ರಸವೇ. ಮೊದಲ ಪಾಲು ಡಬ್ಬಿಗೆ ಬಿದ್ದಿಲ್ಲ ಅಂತ ಆ ನಾಲ್ಕು ಅಂಕಿಗಳೂ ಒಟ್ಟಿಗೆ ಕೂಗಿ ಹೇಳುತ್ತಿದ್ದವು. ನಾನು ಒಂದೊಂದನ್ನೂ ಅದರದರ ಸಾಲಿನಲ್ಲಿ ಬರೆದೆನೇ ಹೊರತು ಒಟ್ಟಿಗೆ ಓದಲಿಲ್ಲ. ಓದಿದ್ದರೆ ಅವತ್ತೇ ಫೋನ್ ಮಾಡಿ ಕೇಳುತ್ತಿದ್ದೆ. ಅದಕ್ಕೂ ಮೊದಲು, ಆ ಕೌಂಟರಿನಲ್ಲಿ "ಪೂರ್ತಿ ಡಬ್ಬಿಗೆ ಬಿತ್ತಾ?" ಎಂಬ ಮೂರು ಪದ ನನ್ನ ಬಾಯಿಂದ ಬರಬೇಕಿತ್ತು. ಹಾಗೆ ಕೇಳಬೇಕು, ಉತ್ತರವನ್ನು ರಿಪೋರ್ಟಿನಲ್ಲಿ ಬರೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ವೀರ್ಯ ಪರೀಕ್ಷೆಯ ಕೈಪಿಡಿ ಹೇಳುತ್ತದೆ. ಅದರ ಮೊದಲ ಆವೃತ್ತಿ ಬಂದದ್ದು 1980ರಲ್ಲಿ, ಆರನೆಯದು 2021ರಲ್ಲಿ. ನನ್ನ ಕಪಾಟಿನಲ್ಲೂ ಒಂದು ಪ್ರತಿ ಇತ್ತು.

ಯಾಕೆ ಕೇಳಲಿಲ್ಲ ಅಂದರೆ, ನಾಚಿಕೆ. ಅವರದ್ದಲ್ಲ, ನನ್ನದು. ಹೆಂಗಸಾಗಿ ಅಪರಿಚಿತ ಗಂಡಸಿಗೆ, ಸಾಲಿನ ಮುಂದೆ, ಅಂಥ ಪ್ರಶ್ನೆ ಹಾಕುವುದು ಹೇಗೆ ಅಂತ ಯಾರೂ ನನಗೆ ಕಲಿಸಿರಲಿಲ್ಲ. ನಾನೂ ಕಲಿಯಲು ಹೋಗಿರಲಿಲ್ಲ. ಕಿಣ್ವದ ಚಲನಶಾಸ್ತ್ರ ಎರಡು ಸೆಮಿಸ್ಟರ್ ಓದಿದ್ದೆ.

ಆಕೆ ಇನ್ನೊಂದು ಮಾತು ಹೇಳಿದಳು. ರಿಪೋರ್ಟ್ ಕೈಗೆ ಬಂದ ದಿನದಿಂದ ಗಂಡ ಹೊರಗಿನ ಪಡಸಾಲೆಯಲ್ಲೇ ಮಲಗುತ್ತಿದ್ದಾನೆ, ಹತ್ತಿರ ಬಂದರೂ "ಆಗ್ತಾ ಇಲ್ಲ" ಅಂತ ಎದ್ದು ಹೋಗುತ್ತಾನೆ. ನನ್ನ ಕಾಗದದಲ್ಲಿದ್ದದ್ದು ವೀರ್ಯಾಣುವಿನ ಎಣಿಕೆ. ಆತ ಓದಿಕೊಂಡದ್ದು ತನ್ನ ಗಂಡಸ್ತನದ ತೀರ್ಪನ್ನು.

ಇಲ್ಲಿ ನಿಂತು ಹೇಳಲೇಬೇಕಾದ ವಿಷಯ ಒಂದಿದೆ. ಮಗು ಹುಟ್ಟಿಸುವ ಶಕ್ತಿ ಮತ್ತು ಲೈಂಗಿಕ ಶಕ್ತಿ ಎರಡೂ ಬೇರೆ ಬೇರೆ ರಸಾಯನಗಳ ಮೇಲೆ ನಿಂತಿವೆ. ನಮ್ಮ ಬೆಂಗಳೂರಿನಲ್ಲೇ ಇದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಅವರ ಜೊತೆಗಾರರು ವೀರ್ಯಾಣು ತಯಾರಾಗಲು ನೆರವಾಗುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಬೆನ್ನು ಹತ್ತಿ ದಶಕಗಟ್ಟಲೆ ದುಡಿದರು. ದೇವಸ್ಥಾನದ ಮುಂದೆ ಕಾಯಿ ಕಸಿಯುತ್ತದಲ್ಲ ನಮ್ಮ ಬಾನೆಟ್ ಕೋತಿ, ಅದರ ಗಂಡುಗಳಿಗೆ ಕುರಿಯ ಎಫ್‌ಎಸ್‌ಎಚ್ ಕೊಟ್ಟು, ತಮ್ಮದೇ ಎಫ್‌ಎಸ್‌ಎಚ್ ವಿರುದ್ಧ ಪ್ರತಿಕಾಯ ಹುಟ್ಟುವಂತೆ ಮಾಡಿದರು. ವೀರ್ಯಾಣುಗಳ ಸಂಖ್ಯೆಯೂ ಗುಣವೂ ಬಿದ್ದವು, ಕೋತಿಗಳಿಗೆ ಸಂತಾನಶಕ್ತಿ ಹೋಯಿತು. ಆದರೆ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನ್ ಹಾಗೇ ಇತ್ತು, ಕೂಡುವ ಬಯಕೆಯೂ ಹಾಗೇ ಇತ್ತು. ಪುರುಷರ ಗರ್ಭನಿರೋಧಕಕ್ಕಾಗಿ ನಡೆದ ಕೆಲಸ ಅದು. ನನ್ನಂಥವರ ಕೌಂಟರಿನಲ್ಲಿ ಅದು ಬೇರೆಯೇ ಉಪಯೋಗಕ್ಕೆ ಬಂತು. ಅವತ್ತು ಆ ಕೋತಿಗಳ ಕಥೆಯನ್ನೇ ಆ ಗಂಡ ಹೆಂಡತಿಗೆ ಹೇಳಿದೆ. ಆತ ಮೊದಲ ಸಲ ತಲೆ ಎತ್ತಿ ನೋಡಿದ್ದು ಆಗಲೇ.

"ಆಗ್ತಾ ಇಲ್ಲ" ಅನ್ನುವುದಕ್ಕೂ ರಸಾಯನವೇ ಕಾರಣ. ನಿಮಿರುವಿಕೆಗೆ ಶಿಶ್ನದ ನರದ ತುದಿಗಳು ಮತ್ತು ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡಬೇಕು. ಅದು ಸಿಜಿಎಂಪಿ ಎಂಬ ಅಣುವನ್ನು ಹೆಚ್ಚಿಸುತ್ತದೆ, ಅಲ್ಲಿನ ಮೆತ್ತನೆಯ ಸ್ನಾಯು ಸಡಿಲಗೊಳ್ಳುತ್ತದೆ, ರಕ್ತ ತುಂಬುತ್ತದೆ. ಭಯವಾದಾಗ ನರಗಳಿಂದ ಹೊರಬರುವ ನಾರ್‌ಅಡ್ರಿನಲಿನ್ ಅದೇ ಸ್ನಾಯುವನ್ನು ಬಿಗಿಹಿಡಿಯುತ್ತದೆ. ಬಾಗಿಲು ಬಡಿಯುವ ಟಾಯ್ಲೆಟ್ಟಿನಲ್ಲಿ ಆಗುವುದೂ ಅದೇ, ರಿಪೋರ್ಟ್ ಹಿಡಿದುಕೊಂಡು ಮಲಗಿದವನಿಗೆ ಆಗುವುದೂ ಅದೇ. ನೈಟ್ರಿಕ್ ಆಕ್ಸೈಡ್ ದೇಹದಲ್ಲಿ ಸಂದೇಶ ಒಯ್ಯುತ್ತದೆ ಎಂದು ತೋರಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕದಲ್ಲಿ ಸಿಲ್ಡೆನಾಫಿಲ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಮೊದಲು ಎದೆನೋವಿಗೆಂದು ಪರೀಕ್ಷಿಸಿದ ಔಷಧ ಅದು. ಸಿಜಿಎಂಪಿಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ ಅಷ್ಟೇ, ಬಯಕೆಯನ್ನು ಹುಟ್ಟಿಸುವುದಿಲ್ಲ. ಸ್ಯಾಂಪಲ್ ಕೊಡಲಾಗದೆ ಕಂಗೆಟ್ಟು ಅಂಗಡಿಯಿಂದ ಯಾರನ್ನೂ ಕೇಳದೆ ಇದನ್ನು ತಂದು ನುಂಗಿದವರನ್ನು ನೋಡಿದ್ದೇನೆ. ಹೃದಯಕ್ಕೆಂದು ನೈಟ್ರೇಟ್ ಮಾತ್ರೆ ತಿನ್ನುವವರು, ನಾಲಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಕೂಡ ಇದರಲ್ಲೇ ಸೇರಿತು, ಸಿಲ್ಡೆನಾಫಿಲ್ ತೆಗೆದುಕೊಂಡರೆ ರಕ್ತದೊತ್ತಡ ಧಡ್ಡನೆ ಕುಸಿದು ಪ್ರಾಣಕ್ಕೇ ಬರಬಹುದು. ಇನ್ನು ತಿಂಗಳುಗಟ್ಟಲೆ ಈ ತೊಂದರೆ ಇರುವವರು ಮೊದಲು ಶುಗರ್, ಬಿಪಿ, ಹೃದಯ ತೋರಿಸಿಕೊಳ್ಳಬೇಕು. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು, ಹಾಗಾಗಿ ಕೆಡುಕು ಅಲ್ಲಿ ಮೊದಲು ಕಾಣಿಸಿಕೊಳ್ಳಬಹುದು.

ರಾಣೆಬೆನ್ನೂರು ಕಡೆಯ ಆ ಗಂಡನನ್ನು ಮತ್ತೆ ಕರೆಸಿದೆ. ಮೂರು ದಿನ ಬಿಟ್ಟು ಬನ್ನಿ ಅಂದೆ. ಕೊನೆಯ ಸಲ ವೀರ್ಯ ಹೊರಬಂದ ಮೇಲೆ ಎರಡರಿಂದ ಏಳು ದಿನದ ಅಂತರ ಇರಬೇಕು ಎಂಬುದು ನಿಯಮ. ಹಳೆಯ ರಿಜಿಸ್ಟರ್ ಇಡುವ ಕೋಣೆಯ ಕೀಲಿ ಅವರ ಕೈಗೆ ಕೊಟ್ಟು, ಒಳಗಿನಿಂದ ಚಿಲಕ ಹಾಕಿಕೊಳ್ಳಿ, ಯಾರೂ ಬರುವುದಿಲ್ಲ, ಆತುರ ಬೇಡ, ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಡಬ್ಬಿಗೇ ಬೀಳಲಿ, ಚೆಲ್ಲಿದರೆ ಹೇಳಿ, ಅದು ತಪ್ಪಲ್ಲ, ಇನ್ನೊಂದು ದಿನ ಮಾಡೋಣ ಅಂದೆ. ಈ ಮಾತುಗಳನ್ನು ಅವರ ಮುಖ ನೋಡಿಕೊಂಡೇ ಹೇಳಿದೆ. ಆಗ ಅವರು ಅಂದರು, "ಕ್ರಾಸಿಂಗ್ ಮಾಡೋವಾಗ ಗಂಡು ಹೂವು ಯಾವ ಹೊತ್ತಿಗೆ ಕೊಯ್ದಿದ್ದು, ಪುಡಿ ಎಷ್ಟೊತ್ತು ಇಟ್ಟಿದ್ದು ನಾವು ಚೀಟಿ ಬರೀತೀವಿ ಮೇಡಂ. ಹೊತ್ತು ಮೀರಿದ್ರೆ ಕಾಯಿ ಕಚ್ಚಲ್ಲ." ದಿನವಿಡೀ ಮೆಣಸಿನ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುವ ಮನುಷ್ಯ. ನನಗಿಂತ ಚೆನ್ನಾಗಿ ಈ ಕೆಲಸ ಬಲ್ಲವರ ಹತ್ತಿರ ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಎರಡನೇ ಸ್ಯಾಂಪಲ್ 2.9 ಮಿಲಿಲೀಟರ್. ಇಪ್ಪತ್ತು ನಿಮಿಷಕ್ಕೆ ಕರಗಿತು. ಪಿಎಚ್ 7.6, ಎಣಿಕೆ ಮಿಲಿಲೀಟರಿಗೆ 3 ಕೋಟಿ 40 ಲಕ್ಷ. ಕೈಪಿಡಿಯ ಕೆಳಗಿನ ಗೆರೆ 1 ಕೋಟಿ 60 ಲಕ್ಷ. ಆ ಗೆರೆಯನ್ನೂ ಜನ ತಪ್ಪು ತಿಳಿಯುತ್ತಾರೆ. ಒಂದು ವರ್ಷದೊಳಗೆ ಹೆಂಡತಿಗೆ ಗರ್ಭ ನಿಂತ ಗಂಡಸರ ಅಂಕಿಗಳನ್ನು ಸಾಲಾಗಿ ಜೋಡಿಸಿ, ತಳದ ಶೇಕಡಾ 5ರ ಜಾಗದಲ್ಲಿ ಎಳೆದ ಗೆರೆ ಅದು. ಅಂದರೆ ಅದಕ್ಕಿಂತ ಕೆಳಗಿದ್ದೂ ತಂದೆಯಾದವರು ಅದೇ ಸಾಲಿನಲ್ಲಿದ್ದಾರೆ. ಮೇಲಿದ್ದ ಮಾತ್ರಕ್ಕೆ ಮಗು ಖಾತ್ರಿ ಅಂತಲೂ ಅಲ್ಲ. ಇದನ್ನೂ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಹಳೆಯ ರಿಪೋರ್ಟಿನ ಮೇಲೆ "ಸ್ಯಾಂಪಲ್ ಅಪೂರ್ಣ, ಈ ವರದಿ ಪರಿಗಣಿಸಬಾರದು" ಎಂದು ಬರೆದು ಸಹಿ ಮಾಡಿ ಕೊಟ್ಟೆ, ಕ್ಷಮೆ ಕೇಳಿದೆ.

ಅದಾದ ಮೇಲೆ ಕೇಳುವುದು ರೂಢಿಯಾಯಿತು. ಕೇಳತೊಡಗಿದ ಮೇಲೆ ಬೇರೆ ಸಂಗತಿಗಳೂ ಹೊರಗೆ ಬಂದವು. ಕಳೆದ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿತ್ತಾ ಅಂತ ಕೇಳುತ್ತೇನೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಇವತ್ತಿನ ಡಬ್ಬಿಯಲ್ಲಿರುವುದು ಎರಡೂವರೆ ತಿಂಗಳ ಹಿಂದೆ ಶುರುವಾದ ಕೆಲಸ. ಇಂಜೆಕ್ಷನ್ ಏನಾದರೂ ತಗೋತಿದೀರಾ ಅಂತಲೂ ಕೇಳುತ್ತೇನೆ. ಮೈಕಟ್ಟು ಚೆನ್ನಾಗಿದ್ದ ಹುಡುಗನೊಬ್ಬನ ಸ್ಯಾಂಪಲ್‌ನಲ್ಲಿ ಒಂದೂ ವೀರ್ಯಾಣು ಇರಲಿಲ್ಲ. ರಕ್ತದಲ್ಲಿ ಟೆಸ್ಟೋಸ್ಟಿರಾನ್ ತುಂಬಿ ತುಳುಕುತ್ತಿತ್ತು, ವೃಷಣಕ್ಕೆ ಆದೇಶ ಒಯ್ಯುವ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ತಳ ಕಂಡಿದ್ದವು. ಜಿಮ್ಮಿನಲ್ಲಿ ಯಾರೋ ಕೊಟ್ಟ ಟೆಸ್ಟೋಸ್ಟಿರಾನ್ ಸೂಜಿ, ಎಂಟು ತಿಂಗಳಿಂದ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ವೃಷಣಕ್ಕೆ ಕೊಡುವ ಆದೇಶ ನಿಲ್ಲಿಸಿಬಿಡುತ್ತದೆ. ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೋಸ್ಟಿರಾನ್ ಇದ್ದರೇ ವೀರ್ಯಾಣು ಬೆಳೆಯುವುದು, ಅದು ಬತ್ತಿಹೋಗುತ್ತದೆ. ಕೋತಿಗಳ ಹಾಗೆ ಇವನಿಗೂ ಬಯಕೆ ಇತ್ತು, ಬೀಜ ಇರಲಿಲ್ಲ. "ಗಂಡಸ್ತನ ಹೆಚ್ಚಲಿ ಅಂತ ತಗೊಂಡೆ ಮೇಡಂ" ಅಂದ. ವೈದ್ಯರು ಸೂಜಿ ಬಿಡಿಸಿದರು. ಇಂಥವರಲ್ಲಿ ಹೆಚ್ಚಿನವರಿಗೆ ವೀರ್ಯಾಣು ಮರಳಿ ಬರುತ್ತದೆ, ಆದರೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಅವನು ಮೂರು ತಿಂಗಳಿಗೊಮ್ಮೆ ಬರುತ್ತಿದ್ದಾನೆ. ಕಳೆದ ಸಲ ಮೈಕ್ರೋಸ್ಕೋಪಿನ ಅಡಿಯಲ್ಲಿ, ಹತ್ತು ನಿಮಿಷ ಹುಡುಕಿದ ಮೇಲೆ, ಮೂರು ಕಂಡವು. ಒಂದು ಈಜುತ್ತಿತ್ತು.

ಈಗಿನ ಲ್ಯಾಬಿನಲ್ಲಿ ಚಿಲಕವಿರುವ ಕೋಣೆ ಇದೆ, ಒಳಗೆ ಕುರ್ಚಿ, ವಾಶ್‌ಬೇಸಿನ್, ಗೋಡೆಯ ಮೇಲೆ ಕನ್ನಡದಲ್ಲಿ ಬರೆದ ಸೂಚನೆ. ಹೊಸದಾಗಿ ಸೇರಿದ ಟೆಕ್ನಿಷಿಯನ್ ಹುಡುಗಿಗೆ ಮೊದಲ ವಾರ ಪಿಪೆಟ್ ಮುಟ್ಟಿಸಲಿಲ್ಲ, ಕೌಂಟರಿನಲ್ಲಿ ನನ್ನ ಪಕ್ಕ ನಿಲ್ಲಿಸಿಕೊಂಡೆ. ಮೊನ್ನೆ ಒಬ್ಬ ಹಿರಿಯರು ಡಬ್ಬಿ ತಂದಿಟ್ಟು ಹಿಂದೆ ಸರಿಯುತ್ತಿದ್ದಾಗ ಅವಳು ಅವರನ್ನು ಪಕ್ಕಕ್ಕೆ ಕರೆದು, ಮುಖ ನೋಡಿ, ಮೆಲ್ಲಗೆ ಕೇಳಿದಳು: "ಸರ್, ಪೂರ್ತಿ ಡಬ್ಬಿಗೆ ಬಿತ್ತಾ?"

ಅವರು ಒಂದು ಕ್ಷಣ ಸುಮ್ಮನಿದ್ದರು. "ಇಲ್ಲಮ್ಮ, ಸ್ವಲ್ಪ ಹೋಯ್ತು" ಅಂದರು. ಅವಳು ಇನ್ನೊಂದು ಹೊಸ ಡಬ್ಬಿ ತೆಗೆದು, ಮುಂದಿನ ಸೋಮವಾರದ ತಾರೀಖು ಬರೆದು ಕೊಟ್ಟಳು.