ಡಬ್ಬಿ ಮುಚ್ಚುವ ಮುಂಚೆ

ಬೆಳಗ್ಗೆ ಏಳೂವರೆಗೆ ಕಟ್ಟಿದ ಡಬ್ಬಿ ತೆರೆಯುವುದು ಮಧ್ಯಾಹ್ನ ಒಂದೂವರೆಗೆ. ಕೆಲಸದ ಜಾಗದಲ್ಲಿ ಫ್ರಿಜ್ ಇಲ್ಲದಿದ್ದರೆ, ಏಪ್ರಿಲ್ ಸೆಕೆಯಲ್ಲಿ ಈ ಆರು ಗಂಟೆಯೊಳಗೆ ಊಟ ಹಳಸಿಬಿಡಬಹುದು. ಎಷ್ಟೋ ಸಲ ಕೆಡಿಸುವುದು ಮುಚ್ಚಳವೇ. ಬಿಸಿ ಅನ್ನ ತುಂಬಿ ಬಿಗಿಯಾಗಿ ಮುಚ್ಚಿದರೆ ಹಬೆ ನೀರಾಗಿ ಅನ್ನದ ಮೇಲೇ ತೊಟ್ಟಿಕ್ಕುತ್ತದೆ, ಒಳಗೆ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. 5ರಿಂದ 60 ಡಿಗ್ರಿವರೆಗೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಆದ್ದರಿಂದ ಒಂದೋ ಸುಡುಸುಡು ಒಯ್ಯಿರಿ, ಇಲ್ಲವೇ ಪೂರ್ತಿ ಆರಿಸಿದ ಹುಳಿರುಚಿಯ ಪದಾರ್ಥ ಅಥವಾ ಒಣ ಪದಾರ್ಥ ಒಯ್ಯಿರಿ.

ಅನ್ನದ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಉಳಿಯುತ್ತದೆ. ಅನ್ನ ಬೆಚ್ಚಗೇ ಬಿದ್ದಿದ್ದರೆ ಅದು ಬೆಳೆದು ವಿಷ ಬಿಡುತ್ತದೆ, ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ರಾತ್ರಿಯಿಡೀ ಕುಕ್ಕರಿನಲ್ಲೇ ಇದ್ದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ ಒಯ್ಯುವುದು ಅದಕ್ಕೇ ಬೇಡ. ಮೂಗಿಗೆ ವಾಸನೆ ಬಡಿಯದೆಯೂ ಕೆಟ್ಟಿರಬಹುದು.

ಪುಳಿಯೋಗರೆ, ಚಿತ್ರಾನ್ನಕ್ಕೆ ಒಂದು ಲೋಟ ಸೋನಾ ಮಸೂರಿಗೆ ಎರಡು ಲೋಟ ನೀರು ಸಾಕು. ಪ್ರೆಶರ್ ಇಳಿದ ಕೂಡಲೇ ಅಗಲ ತಟ್ಟೆಗೆ ಸುರಿದು, ಎರಡು ಚಮಚ ಎಣ್ಣೆ ಹಾಕಿ ಹರಡಿ. ಫ್ಯಾನ್ ಕೆಳಗೆ ಇಪ್ಪತ್ತು ನಿಮಿಷದಲ್ಲಿ ಆರುತ್ತದೆ. ಪುಳಿಯೋಗರೆ ಗೊಜ್ಜು ಎಣ್ಣೆ ಬಿಡುವವರೆಗೆ ಕುದಿದಿರಬೇಕು. ನೀರಿನಂಶ ಉಳಿದ ಗೊಜ್ಜು ಬೇಗ ಬೂಸ್ಟು ಹಿಡಿಯುತ್ತದೆ. ಹಸಿ ತೆಂಗಿನತುರಿ ಎಲ್ಲಕ್ಕಿಂತ ಮೊದಲು ಕೆಡುತ್ತದೆ, ಬೇಸಿಗೆಯಲ್ಲಿ ಒಣಕೊಬ್ಬರಿ ಹಾಕಿ. ಕಾಯಿಚಟ್ನಿಯಂತೂ ಮನೆಯಲ್ಲೇ ಇರಲಿ.

ಮೊಸರನ್ನದ ಲೆಕ್ಕ ಬೇರೆ. ಬೆಳಗ್ಗೆಯೇ ಮೊಸರು ಸುರಿದು ಕಲಸಿದರೆ ಮಧ್ಯಾಹ್ನಕ್ಕೆ ಹುಳಿ ಹೊಡೆಯುತ್ತದೆ, ಅನ್ನ ಗಟ್ಟಿ ಮುದ್ದೆಯಾಗುತ್ತದೆ. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಸೌಟಿನಿಂದ ಮಸೆಯಿರಿ. ಬೆರಳಿಗೆ ಹಿತವಾದ ಬಿಸಿಗೆ ಬಂದ ಮೇಲೆ, ಕಾಯಿಸಿ ಆರಿಸಿದ ಹಾಲು ಎರಡು ಲೋಟ, ಹುಳಿಯಿಲ್ಲದ ಮೊಸರು ಎರಡು ಚಮಚ, ಸ್ವಲ್ಪ ಉಪ್ಪು. ಡಬ್ಬಿಗೆ ಹಾಕುವಾಗ ಪಾಯಸದಷ್ಟು ತೆಳ್ಳಗಿದ್ದರೆ ಸರಿ, ಊಟದ ಹೊತ್ತಿಗೆ ಒಳಗೇ ಹೆಪ್ಪಾಗಿರುತ್ತದೆ. ಉಗುರುಬೆಚ್ಚಗೆ ಮುಚ್ಚಬಹುದಾದ ಪದಾರ್ಥ ಇದೊಂದೇ, ಹೆಪ್ಪಿನ ಹುಳಿಯೇ ಇದರ ಕಾವಲು. ಹಾಲು ತೀರಾ ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ. ಸೌತೆಕಾಯಿ, ಈರುಳ್ಳಿ ಬೆರೆಸಿದರೆ ನೀರು ಬಿಡುತ್ತವೆ, ಹೆಚ್ಚದೆ ಇಡಿಯಾಗಿ ಒಯ್ಯಿರಿ.

ಇಷ್ಟೆಲ್ಲ ಗೋಜು ಬೇಡವೆನ್ನುವವರಿಗೆ ಉತ್ತರ ಕರ್ನಾಟಕದ ಬುತ್ತಿಗೆ ಸಮನಾದದ್ದಿಲ್ಲ. ಕಡಕ್ ರೊಟ್ಟಿಯಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಶೇಂಗಾ ಹಿಂಡಿ (ಅಂದರೆ ಚಟ್ನಿಪುಡಿ), ಗುರೆಳ್ಳು (ಹುಚ್ಚೆಳ್ಳು) ಹಿಂಡಿ, ಒಂದು ಸಣ್ಣ ಡಬ್ಬಿ ಮೊಸರು. ಇವುಗಳಲ್ಲಿ ದಿನವೂ ಹೊಸದಾಗಿ ಬೇಕಾದದ್ದು ಮೊಸರೊಂದೇ. ಚಪಾತಿಯನ್ನಾದರೆ ಹೆಂಚಿನಿಂದ ತೆಗೆದು ಬಟ್ಟೆಯ ಮೇಲೆ ಒಂದೊಂದಾಗಿ ಹರಡಿ ಆರಿಸಿ. ಬಿಸಿಬಿಸಿ ಒಟ್ಟಿದರೆ ಕೆಳಗಿನದು ಒದ್ದೆಯಾಗುತ್ತದೆ.

ಸಾರು, ಹುಳಿ ಬೇಕೇ ಬೇಕೆಂದರೆ ಸ್ಟೀಲ್ ಫ್ಲಾಸ್ಕ್. ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಡಿ, ಚೆಲ್ಲಿ, ಕುದಿಯುತ್ತಿರುವ ಹುಳಿಯನ್ನು ಕಂಠದವರೆಗೆ ತುಂಬಿ. ಅರ್ಧ ಖಾಲಿ ಬಿಟ್ಟರೆ ಬೇಗ ತಣಿಯುತ್ತದೆ. ಮಧ್ಯಾಹ್ನ ತೆರೆದಾಗ ಬಾಯಿ ಸುಡುವಂತಿರಬೇಕು, ಬರೀ ಬೆಚ್ಚಗಿದ್ದರೆ ಆ ಫ್ಲಾಸ್ಕ್‌ನಲ್ಲಿ ಬೇಳೆ ಪದಾರ್ಥ ಒಯ್ಯಬೇಡಿ.

ಮುಚ್ಚಳದ ರಬ್ಬರನ್ನು ಸಂಜೆ ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದು ನೋಡಿ. ಅದರಡಿಯ ಸಂದಿಯಲ್ಲಿ ನಿನ್ನೆಯ ಹುಳಿ ಲೋಳೆಯಾಗಿ ಕೂತಿರುತ್ತದೆ. ಬಿಸಿನೀರಲ್ಲಿ ಉಜ್ಜಿ, ಡಬ್ಬಿ ಬೇರೆ, ರಬ್ಬರ್ ಬೇರೆ ಮಾಡಿ ರಾತ್ರಿಯಿಡೀ ಒಣಗಲು ಬಿಡಿ.