ನಡುದಿಣ್ಣೆ

ನಾವು ಕಾರು ನೋಡಲು ಹೋಗುವ ಮೊದಲೇ ಅಪ್ಪ ದಾರಿ ಅಳೆದಿದ್ದರು.

ಆಲ್ದೂರಿನಿಂದ ಒಳಗೆ, ಟಾರು ಮುಗಿದ ಮೇಲೆ ನಮ್ಮ ಮನೆಗೆ ಒಂದು ಕಿಲೋಮೀಟರ್ ಮಣ್ಣುದಾರಿ. ಎರಡೂ ಪಕ್ಕ ಕಾಫಿ ತೋಟ. ಜೀಪು, ಪಿಕಪ್ಪು ಓಡಾಡಿ ಗಾಲಿಯ ಜಾಡು ಎರಡೂ ಕಡೆ ಆಳಕ್ಕೆ ಕೂತಿದೆ, ನಡುವೆ ಹುಲ್ಲು ಹಬ್ಬಿದ ದಿಣ್ಣೆ ಹಾಗೇ ಎದ್ದು ನಿಂತಿದೆ. ಅಪ್ಪ ಕಾಫಿ ಗಿಡದ ನೆಟ್ಟನೆ ಚಿಗುರೊಂದನ್ನು ಕಡಿದು, ತೊಗಟೆ ಸುಲಿದು, ನಾನು ಫೋನಿನಲ್ಲಿ ನೋಡಿ ಹೇಳಿದ ಅಳತೆಗಳಿಗೆ ಕತ್ತಿಯಲ್ಲಿ ಗೀರು ಹಾಕಿದರು. ಆಲ್ಟೊ 800 ಕಾರಿನ ಅಡಿಭಾಗ ನೆಲದಿಂದ 160 ಮಿಲಿಮೀಟರ್ ಎತ್ತರ, ಟಾಟಾ ಪಂಚ್‌ನದು 187. ನಡುವಿನ ಅಂತರ 27 ಮಿಲಿಮೀಟರ್. ಕೋಲಿನ ಮೇಲೆ ನೋಡಿದರೆ ಹೆಬ್ಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ಕೋಲನ್ನು ಜಾಡಿನಲ್ಲಿ ನಿಲ್ಲಿಸಿ, ದಿಣ್ಣೆಯ ನೆತ್ತಿ ಯಾವ ಗೀರಿಗೆ ಬರುತ್ತದೆಂದು ನೋಡುತ್ತಾ ಮನೆಯಿಂದ ಟಾರಿನವರೆಗೆ ನಡೆದರು. ಹನ್ನೊಂದು ಕಡೆ ಕೆಳಗಿನ ಗೀರು ಮುಳುಗಿತು. ಮೇಲಿನ ಗೀರು ಮುಳುಗಿದ್ದು ನಾಲ್ಕು ಕಡೆ.

ನನ್ನ ಮನಸ್ಸು ಪಂಚ್ ಕಡೆಗಿತ್ತು. 2022ರ ಜನವರಿ ಅದು. ಆರು ವರ್ಷ ಸ್ಕೂಟರಿನಲ್ಲಿ ಚಿಕ್ಕಮಗಳೂರಿಗೆ ಕೆಲಸಕ್ಕೆ ಹೋಗಿ ಬಂದವಳು ನಾನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೇನ್‌ಕೋಟಿನೊಳಗೂ ಒದ್ದೆ. ಅಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿ ಸ್ಕೂಟರ್ ಹತ್ತುವುದೇ ನಿಂತಿತ್ತು, ಬಸ್ಸಿಗೆ ಟಾರಿನವರೆಗೆ ನಡೆಯುವುದಂತೂ ಆಗದ ಮಾತು. ಇಷ್ಟು ವರ್ಷ ಕಾದಿದ್ದೇವೆ, ತೆಗೆದುಕೊಂಡರೆ ಹೊಸದನ್ನೇ ತೆಗೆದುಕೊಳ್ಳೋಣ ಅನ್ನುವುದು ನನ್ನ ಆಸೆ. ಲೆಕ್ಕ ಹಾಕಿದೆ. ಆರು ಲಕ್ಷ ಸಾಲ, ಶೇಕಡಾ 9 ಬಡ್ಡಿ, ಏಳು ವರ್ಷ ಅಂದರೆ ತಿಂಗಳಿಗೆ ಸುಮಾರು 9,650 ರೂಪಾಯಿ ಕಂತು. ಬಡ್ಡಿಯೇ ಎರಡು ಲಕ್ಷ ದಾಟುತ್ತಿತ್ತು. ನಮ್ಮದು ಎರಡೂವರೆ ಎಕರೆ ತೋಟ. ಕಾಫಿ ರೇಟು ಯಾವ ವರ್ಷ ಏನಾಗುತ್ತದೆಂದು ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಅಪ್ಪ ಜಗಲಿಯಲ್ಲಿ ಕೂತು ಆ ಚೀಟಿಯನ್ನು ಎರಡು ಸಲ ಓದಿದರು. "ದೊಡ್ ಗಾಡಿ ತಗೊಂಡ್ರೆ ಏಳು ವರ್ಷ ಬ್ಯಾಂಕಿಗೆ ಕಟ್ಬೇಕು. ದಿಣ್ಣೆ ಆದ್ರೆ ನಾವೇ ಕೆತ್ಬೋದು ಕಣವ್ವ" ಅಂದರು. ಆ ರಾತ್ರಿ ನನಗೆ ಬೇಜಾರಾಯಿತು, ನಿಜ. ಬೆಳಿಗ್ಗೆ ಎದ್ದಾಗ ಅವರ ಮಾತೇ ಸರಿ ಅನ್ನಿಸಿತು.

ಸೆಕೆಂಡ್ ಹ್ಯಾಂಡ್ ಹುಡುಕಲು ಒಂದು ತಿಂಗಳು ಹಿಡಿಯಿತು. ಹಾಸನದಲ್ಲಿ ಎರಡು, ಬೇಲೂರಿನಲ್ಲಿ ಒಂದು ನೋಡಿದೆವು. ಜೊತೆಗೆ ಬರುತ್ತಿದ್ದ ನಮ್ಮೂರ ಮೆಕ್ಯಾನಿಕ್ ಹುಡುಗ ಬಣ್ಣ, ಸೀಟು ಯಾವುದನ್ನೂ ನೋಡುತ್ತಿರಲಿಲ್ಲ. ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಇದೆಯಾ ನೋಡುತ್ತಿದ್ದ. ಆಯಿಲ್ ಮುಚ್ಚಳದ ಒಳಮೈಯಲ್ಲಿ ಹಾಲಿನ ಕೆನೆಯಂಥ ಬಿಳಿ ಪದಾರ್ಥ ಮೆತ್ತಿದ್ದರೆ ನೀರು ಸೇರಿರಬಹುದು ಎನ್ನುತ್ತಿದ್ದ. ಮಾಲೀಕರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ, ಇಂಜಿನ್ ತಣ್ಣಗಾಗುವವರೆಗೆ ಕಾಯೋಣ ಎಂದು ಕೂತುಬಿಡುತ್ತಿದ್ದ. ತಣ್ಣಗಿರುವಾಗ ಹೊಡೆಯುವ ಮೊದಲ ಸೆಲ್ಫಿನಲ್ಲೇ ಗಾಡಿಯ ಆರೋಗ್ಯ ಗೊತ್ತಾಗುವುದಂತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ ಎಂದು ನನಗೆ ತೋರಿಸಿದ್ದೂ ಅವನೇ. ನಾವು ಕೊನೆಗೆ ಕೊಂಡ ಗಾಡಿಯಲ್ಲಿ 2216 ಎಂದಿತ್ತು. 2016ರ 22ನೇ ವಾರ ತಯಾರಾದ ಟೈರು, ಗಾಡಿಯೂ ಅದೇ ವರ್ಷದ್ದು, ಅಂದರೆ ಒಮ್ಮೆಯೂ ಬದಲಾಯಿಸಿಲ್ಲ. ಆ ಒಂದು ಮಾತಿಗೆ ಮಾಲೀಕರು ಹನ್ನೆರಡು ಸಾವಿರ ಇಳಿಸಿದರು.

46,000 ಕಿಲೋಮೀಟರ್ ಓಡಿದ ಬಿಳಿ ಆಲ್ಟೊ, 2,38,000 ರೂಪಾಯಿ. ಆರ್‌ಸಿಯಲ್ಲಿ ಇನ್ನೂ ಬ್ಯಾಂಕಿನ ಹೆಸರಿತ್ತು. ಸಾಲ ತೀರಿದೆ ಎನ್ನುವ ಬ್ಯಾಂಕಿನ ಎನ್‌ಒಸಿ ಮತ್ತು ಆ ಹೆಸರು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಲಿಲ್ಲ. ಆಮೇಲೆ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ, ಇನ್ಶೂರೆನ್ಸ್ ನನ್ನ ಹೆಸರಿಗೆ. ಮನೆಗೆ ತರುವ ಹಿಂದಿನ ವಾರ ಅಪ್ಪ, ನಾನು, ತಮ್ಮ ಮೂವರೂ ಸೇರಿ ಆ ಹನ್ನೊಂದು ಜಾಗದಲ್ಲಿ ದಿಣ್ಣೆ ಕೆತ್ತಿ, ಆ ಮಣ್ಣನ್ನೇ ಜಾಡಿಗೆ ತುಂಬಿ ದಮ್ಮಸ್ಸು ಹಾಕಿದೆವು. ಗಾಡಿ ಎಲ್ಲೂ ತಾಗದೆ ಅಂಗಳಕ್ಕೆ ಬಂತು. ಅಮ್ಮ ಆರತಿ ಎತ್ತಿದರು.

ಜುಲೈ, ಪುನರ್ವಸು ಮಳೆ. ಬೇಲೂರಿನಲ್ಲಿ ದೊಡ್ಡಪ್ಪನ ವರ್ಷದ ತಿಥಿ. ಅಪ್ಪ, ಅಮ್ಮ, ಸೋದರತ್ತೆ, ಅತ್ತೆಯ ಮಗ, ನಾನು, ಡಿಕ್ಕಿಯಲ್ಲಿ ಎರಡು ಬಾಳೆಗೊನೆ ಮತ್ತು ಒಂದು ಮೂಟೆ ಅಕ್ಕಿ. ಹಲಸಿನ ಮರದ ತಿರುವಿನಲ್ಲಿ ಅಡಿಯಿಂದ 'ಟಕ್' ಎಂದಿತು. ಜೋರಾಗೇನೂ ಅಲ್ಲ. ಹಿಂದಿನ ರಾತ್ರಿಯ ಮಳೆಗೆ ಮಣ್ಣು ತೊಳೆದು ಹೋಗಿ ಕಲ್ಲೊಂದು ತಲೆ ಎತ್ತಿತ್ತು. ಟಾರಿಗೆ ಹತ್ತಿ ಸ್ವಲ್ಪ ದೂರ ಬಂದಿದ್ದೆವಷ್ಟೇ, ಮೀಟರಿನಲ್ಲಿ ಎಣ್ಣೆ ಗಿಂಡಿಯ ಚಿತ್ರವಿರುವ ಕೆಂಪು ದೀಪ ಹತ್ತಿತು. ಮೆಕ್ಯಾನಿಕ್ ಹುಡುಗ ಹೇಳಿದ್ದು ನೆನಪಿತ್ತು: ಈ ದೀಪ ಹತ್ತಿದರೆ ತಡಮಾಡದೆ ಗಾಡಿ ನಿಲ್ಲಿಸಿ ಕೀಲಿ ತಿರುಗಿಸಬೇಕು. ಪಕ್ಕಕ್ಕೆ ತಂದು ಆಫ್ ಮಾಡಿದೆ. ಇಳಿದು ಹಿಂದೆ ನೋಡಿದರೆ ಬಂದ ದಾರಿಯುದ್ದಕ್ಕೂ ಒದ್ದೆ ಟಾರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪಟ್ಟಿ, ಮಳೆಹನಿ ಬಿದ್ದಲ್ಲೆಲ್ಲ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಇಂಜಿನ್ನಿನ ಎಣ್ಣೆಯೆಲ್ಲ ಅಲ್ಲಿತ್ತು.

ಹುಡುಗ ಪಿಕಪ್ ತಂದು ಎಳೆದುಕೊಂಡು ಹೋದ. ಅಡಿಯ ಆಯಿಲ್ ಸಂಪು ಸೀಳಿತ್ತು. "ಇನ್ನೊಂದ್ ಕಿಲೋಮೀಟರ್ ಓಡ್ಸಿದ್ರೆ ಬೇರಿಂಗ್ ಕಚ್ಕೊಂಡು ಇಂಜಿನ್ನೇ ಹೋಗ್ತಿತ್ತು ಅಕ್ಕ" ಅಂದ. ಹೊಸ ಸಂಪು, ಎಣ್ಣೆ, ಅಡಿಗೊಂದು ಕಬ್ಬಿಣದ ಗಾರ್ಡ್, ಎಲ್ಲ ಸೇರಿ ಆರು ಸಾವಿರದ ಚಿಲ್ಲರೆ. ತಿಥಿಗೆ ಅಪ್ಪ, ಅತ್ತೆ ಬಸ್ಸಿನಲ್ಲಿ ಹೋದರು. ಅಮ್ಮನಿಗೆ ಹೋಗಲಾಗಲಿಲ್ಲ. ಅಕ್ಕನ, ಅಂದರೆ ನನ್ನ ದೊಡ್ಡಮ್ಮನ, ಕಷ್ಟಕ್ಕೆ ಪಕ್ಕದಲ್ಲಿ ನಿಲ್ಲಲಾಗಲಿಲ್ಲ ಎಂದು ಅವರು ಆ ದಿನವೆಲ್ಲ ಕಿಟಕಿಯ ಹತ್ತಿರ ಕೂತಿದ್ದರು. ನನಗೆ ದುಡ್ಡು ಹೋದದ್ದಕ್ಕಿಂತ ಅದೇ ಹೆಚ್ಚು ನೋವು ಕೊಟ್ಟಿತು. ಪಂಚ್ ತೆಗೆದುಕೊಂಡಿದ್ದರೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಪ್ಪನಿಗೆ ಕೇಳಿಸಿತ್ತು ಅಂತ ಕಾಣುತ್ತದೆ.

ಗಾಡಿ ಮನೆಗೆ ಬಂದ ಸಂಜೆ ಅಪ್ಪ ಅದನ್ನು ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಲು ಹೇಳಿದರು. ಕಣ ಸಿಮೆಂಟಿನದು, ಸಮತಟ್ಟು. ಖಾಲಿ ಗಾಡಿಯ ಬಾಗಿಲ ಕೆಳಗಿನ ಅಂಚಿಗೆ ಕೋಲು ಹಿಡಿದು ಗೀರು ಹಾಕಿದರು. ಆಮೇಲೆ ನಮ್ಮೆಲ್ಲರನ್ನೂ ಒಳಗೆ ಕೂರಿಸಿ, ಅದೇ ಅಕ್ಕಿ ಮೂಟೆಯನ್ನು ಡಿಕ್ಕಿಗೆ ಹಾಕಿಸಿ ಮತ್ತೆ ಹಿಡಿದರು. ಎರಡು ಬೆರಳು ಇಳಿದಿತ್ತು. ಕಂಪನಿ ಕೊಡುವ 160 ಖಾಲಿ ಗಾಡಿಯ ಲೆಕ್ಕ. ಜನ ಹತ್ತಿದರೆ ಸ್ಪ್ರಿಂಗು ಕೂರುತ್ತದೆ. ಇದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಕೋಲಿನ ಹಳೆಯ ಗೀರಿಗಿಂತ ಎರಡು ಬೆರಳು ಕೆಳಗೆ ಇನ್ನೊಂದು ಗೀರು ಬಿತ್ತು. ಮಾರನೇ ದಿನದಿಂದ ಅದರ ಲೆಕ್ಕಕ್ಕೆ ದಿಣ್ಣೆ ಕೆತ್ತುವ ಕೆಲಸ ಶುರುವಾಯಿತು.

ಈಗ ಮೀಟರಿನಲ್ಲಿ 81,000 ಇದೆ. ಒಮ್ಮೆ ಕ್ಲಚ್ ಪ್ಲೇಟು, ನಾಲ್ಕು ಟೈರು, ಇಲಿ ಕಡಿದ ವೈರು ಒಂದು ಸಲ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಂದು ಸಲ, ಆರಿದ್ರಾ ಕಳೆದ ಮೇಲೆ ಇನ್ನೊಂದು ಸಲ ಕೋಲು ಹಿಡಿದು ದಾರಿ ನಡೆಯುತ್ತೇವೆ. ಹಲಸಿನ ತಿರುವಿನ ಆ ಕಲ್ಲು ಹಾರೆಗೆ ಅಲುಗಲಿಲ್ಲ, ಬುಡ ಎಲ್ಲಿದೆಯೋ. ಅಂಥ ಕಲ್ಲನ್ನು ಗಾಲಿಗಳ ನಡುವೆ ಬಿಡಬಾರದು, ಎಡಗಾಲಿಯನ್ನೇ ಅದರ ಮೇಲೆ ಹತ್ತಿಸಬೇಕು ಎಂದು ಕಲಿತಿದ್ದೇನೆ. ಫಸ್ಟ್ ಗೇರಿನಲ್ಲಿ ಮೆಲ್ಲಗೆ ಹತ್ತಿಸುತ್ತೇನೆ. ಪಕ್ಕದ ಸೀಟಿನಲ್ಲಿ ಅಮ್ಮ ಮಾತು ನಿಲ್ಲಿಸಿ, ಬಾಗಿಲ ಹಿಡಿ ಹಿಡಿದು ಕೂತಿರುತ್ತಾರೆ. ಗಾಲಿ ಆಚೆ ಇಳಿದದ್ದು ಗೊತ್ತಾದ ಮೇಲೆ, ಬಿಟ್ಟಲ್ಲಿಂದ ಮಾತು ಮುಂದುವರಿಸುತ್ತಾರೆ.